ಸ್ವಂತ ವಿಕಿ ಕಟ್ಟುವ ಕ್ರಮ: ಬರೆದಿಟ್ಟ ಟಿಪ್ಪಣಿ ಬೇಕಾದ ಹೊತ್ತಿಗೆ ಕೈಗೆ ಸಿಗಲು

ಕಳೆದ ಎರಡು ವರ್ಷಗಳಲ್ಲಿ ಮೂಡಿಗೆರೆ, ಸಕಲೇಶಪುರ, ಬೇಲೂರು ಮತ್ತು ಹಾಸನದ ಕಡೆಯ ಹಲವರು ತಮ್ಮ ಟಿಪ್ಪಣಿಗಳಿಗಾಗಿ ಸ್ವಂತ ವಿಕಿಯೊಂದನ್ನು ಆರಂಭಿಸಿ, ಮೂರು ನಾಲ್ಕು ವಾರಗಳಲ್ಲಿ ಕೈಬಿಟ್ಟು, ಎಲ್ಲಿ ತಪ್ಪಾಯಿತೆಂದು ನನ್ನನ್ನು ಕೇಳಿದ್ದಾರೆ. ಅವರಲ್ಲಿ ಕಾಫಿ ಬೆಳೆಗಾರರಿದ್ದರು, ಶಾಲಾ ಶಿಕ್ಷಕರಿದ್ದರು, ಶಾಸನಗಳನ್ನು ಓದುವ ಹವ್ಯಾಸವಿರುವ ನಿವೃತ್ತರೂ ಇದ್ದರು. ಕಸುಬು ಬೇರೆ ಬೇರೆಯಾದರೂ ಎಡವಿದ ಜಾಗ ಬಹುತೇಕ ಒಂದೇ ಆಗಿತ್ತು: ಎಲ್ಲರೂ ಮೊದಲ ದಿನವೇ ಫೋಲ್ಡರುಗಳ ದೊಡ್ಡ ವ್ಯವಸ್ಥೆಯನ್ನು ಕಟ್ಟಿ, ಆಮೇಲೆ ಅದರೊಳಗೆ ತುಂಬಲು ವಿಷಯವನ್ನು ಹುಡುಕಿದ್ದರು. ಎರಡನೆಯ ವಾರದ ಹೊತ್ತಿಗೆ ಹೊಸ ಟಿಪ್ಪಣಿಯನ್ನು ಯಾವ ಫೋಲ್ಡರಿಗೆ ಹಾಕಬೇಕೆಂಬ ಯೋಚನೆಯೇ ಬರೆಯುವ ಕೆಲಸಕ್ಕಿಂತ ದೊಡ್ಡದಾಗಿತ್ತು.

ಈ ಬರಹದಲ್ಲಿ ಸ್ವಂತ ವಿಕಿ ಎಂದರೆ ನೀವು ಅಥವಾ ನಿಮ್ಮ ಮನೆಯವರು ಮಾತ್ರ ತೆರೆಯುವ, ಒಂದರಿಂದ ಇನ್ನೊಂದಕ್ಕೆ ಕೊಂಡಿ (ಲಿಂಕ್) ಹಾಕಬಹುದಾದ ಟಿಪ್ಪಣಿ ಪುಟಗಳ ಸಮೂಹ. ಅದನ್ನು ಕಟ್ಟುವುದಕ್ಕೆ ಒಂದು ಕ್ರಮವಿದೆ: ಮೊದಲು ಅಕ್ಷರ, ನಂತರ ತಂತ್ರಾಂಶ, ನಂತರ ಜಾಗ, ನಂತರ ಬ್ಯಾಕಪ್ ಪ್ರತಿ, ನಂತರ ಪುಟ, ನಂತರ ಕೊಂಡಿ. ಫೋಲ್ಡರು ಎಲ್ಲಕ್ಕಿಂತ ಕೊನೆಗೆ. ಈ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಮುಂದಿನ ಹಂತಗಳಲ್ಲಿ ಕಾಣುವ ತೊಂದರೆಗಳಲ್ಲಿ ಹೆಚ್ಚಿನವು ಹಿಂದಿನ ಹಂತವನ್ನು ಹಾರಿದ್ದರಿಂದಲೇ ಹುಟ್ಟುತ್ತವೆ.

## ಮೊದಲು ಕೈಯಲ್ಲಿರಬೇಕಾದದ್ದು

ಒಂದು ಕಂಪ್ಯೂಟರು ಅಥವಾ ಲ್ಯಾಪ್‌ಟಾಪು, ಯುನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ವ್ಯವಸ್ಥೆ) ಕನ್ನಡ ಕೀಲಿಮಣೆ, ಎರಡು ಪೆನ್‌ಡ್ರೈವುಗಳು ಮತ್ತು ಒಂದು ಸಣ್ಣ ನೋಟುಪುಸ್ತಕ ಸಾಕು. ಅಂತರ್ಜಾಲ ಸಂಪರ್ಕ ಬೇಕಾಗುವುದು ತಂತ್ರಾಂಶವನ್ನು ಇಳಿಸಿಕೊಳ್ಳುವ ದಿನ ಮಾತ್ರ. ಮಳೆಗಾಲದಲ್ಲಿ ಮಲೆನಾಡಿನ ಹಳ್ಳಿಗಳಲ್ಲಿ ಕರೆಂಟು ಮತ್ತು ನೆಟ್‌ವರ್ಕು ಎರಡೂ ದಿನಗಟ್ಟಲೆ ಕೈಕೊಡುವುದರಿಂದ, ಸಂಪರ್ಕವಿಲ್ಲದೆ ತೆರೆಯಲಾಗದ ಯಾವ ಸೇವೆಯನ್ನೂ ಟಿಪ್ಪಣಿಗಳ ಏಕೈಕ ನೆಲೆಯಾಗಿ ನಾನು ಸೂಚಿಸುವುದಿಲ್ಲ.

ಜಾಗದ ಬಗ್ಗೆ ಚಿಂತೆ ಬೇಡ. ಯುನಿಕೋಡಿನ ಸಾಮಾನ್ಯ ಬರವಣಿಗೆಯಾದ ಯುಟಿಎಫ್-8ರಲ್ಲಿ ಪ್ರತಿಯೊಂದು ಕನ್ನಡ ಸಂಕೇತವೂ (ಮೂಲ ಅಕ್ಷರ, ಸ್ವರಚಿಹ್ನೆ, ಅನುಸ್ವಾರ ಒಂದೊಂದೂ ಒಂದು ಸಂಕೇತ) 3 ಬೈಟ್ ಹಿಡಿಯುತ್ತದೆ. 2000 ಸಂಕೇತಗಳ ಒಂದು ಪುಟಕ್ಕೆ 6 ಕಿಲೋಬೈಟ್, ಅಂಥ ಸಾವಿರ ಪುಟಗಳಿಗೆ 6 ಮೆಗಾಬೈಟ್ ಆಗುತ್ತದೆ. ಮೊಬೈಲಿನಲ್ಲಿ ತೆಗೆದ ಎರಡು ಫೋಟೋಗಳು ಅಷ್ಟು ಜಾಗ ಹಿಡಿಯುತ್ತವೆ.

## ಹಂತ 1: ಅಕ್ಷರಗಳನ್ನು ಸರಿಪಡಿಸಿಕೊಳ್ಳುವುದು

ಕನ್ನಡದಲ್ಲಿ ವಿಕಿ ಕಟ್ಟುವವರು ಅತಿ ಹೆಚ್ಚು ಸೋಲುವುದು ಇಲ್ಲಿ, ಮತ್ತು ಸೋತದ್ದು ಅವರಿಗೆ ತಿಂಗಳುಗಟ್ಟಲೆ ತಿಳಿಯುವುದೇ ಇಲ್ಲ. ಪರದೆಯ ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತದೆ, ಹುಡುಕಿದರೆ ಮಾತ್ರ ಸಿಗುವುದಿಲ್ಲ.

ಮೊದಲನೆಯದಾಗಿ, ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಬಳಸುವವರು ಅದರ ಹಳೆಯ ಆಸ್ಕಿ ವಿಧಾನದಲ್ಲಿ (ರೋಮನ್ ಅಕ್ಷರಗಳಿಗೆ ಫಾಂಟಿನ ಮೂಲಕ ಕನ್ನಡದ ರೂಪ ಕೊಡುವ ವಿಧಾನ) ಟೈಪು ಮಾಡುತ್ತಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಪರೀಕ್ಷೆ ಸುಲಭ: ನೀವು ಟೈಪು ಮಾಡಿದ ಒಂದು ಸಾಲನ್ನು ನಕಲಿಸಿ ನೋಟ್‌ಪ್ಯಾಡಿಗೆ ಹಾಕಿರಿ. ಅದು ಕನ್ನಡವಾಗಿಯೇ ಉಳಿದರೆ ಯುನಿಕೋಡ್. ತಲೆಯ ಮೇಲೆ ಚಿಹ್ನೆಗಳನ್ನು ಹೊತ್ತ ರೋಮನ್ ಅಕ್ಷರಗಳ ಗೊಂಚಲಾಗಿ ಬದಲಾದರೆ ಆಸ್ಕಿ. ಆಸ್ಕಿಯಲ್ಲಿರುವ ಹಳೆಯ ಕಡತಗಳನ್ನು ಪರಿವರ್ತಕದ ಮೂಲಕ ಯುನಿಕೋಡಿಗೆ ತಂದ ನಂತರವೇ ವಿಕಿಗೆ ಸೇರಿಸಬೇಕು.

ಎರಡನೆಯದು ಕಣ್ಣಿಗೆ ಬೀಳದ ತಪ್ಪು. ‘ಸಂತೆ’ ಮತ್ತು ‘ಸ೦ತೆ’ ಎಂಬ ಈ ಎರಡು ಪದಗಳನ್ನು ನೋಡಿರಿ. ಮೊದಲನೆಯದರಲ್ಲಿ ಅನುಸ್ವಾರವಿದೆ, ಎರಡನೆಯದರಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಕುಳಿತಿದೆ. ಅನೇಕ ಫಾಂಟುಗಳಲ್ಲಿ ಎರಡಕ್ಕೂ ವ್ಯತ್ಯಾಸವೇ ಕಾಣದು, ಆದರೆ ಕಂಪ್ಯೂಟರಿಗೆ ಅವು ಸಂಬಂಧವೇ ಇಲ್ಲದ ಎರಡು ಪದಗಳು. ಬೇಲೂರಿನ ಒಬ್ಬ ಶಿಕ್ಷಕಿಯ ವಿಕಿಯಲ್ಲಿ ‘ಗಂಗರು’ ಎಂಬ ಪುಟ ಎರಡು ಸಲ ಇತ್ತು. ಒಂದರಲ್ಲಿ ಹನ್ನೆರಡು ಟಿಪ್ಪಣಿಗಳು, ಇನ್ನೊಂದರಲ್ಲಿ ಐದು. ಮುದ್ರಿತ ಪುಸ್ತಕದಿಂದ ಯಂತ್ರದ ಮೂಲಕ ತೆಗೆದ ಪಠ್ಯವನ್ನು ಅವರು ಹಾಗೆಯೇ ಅಂಟಿಸಿದ್ದೇ ಕಾರಣ. ಇಂಥ ಪಠ್ಯವನ್ನು ಸೇರಿಸುವ ಮೊದಲು, ಅಕ್ಷರಗಳ ನಡುವೆ ಸಿಕ್ಕಿಕೊಂಡಿರುವ ಸೊನ್ನೆಯನ್ನು ಹುಡುಕಿ ಅನುಸ್ವಾರಕ್ಕೆ ಬದಲಿಸಬೇಕು. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ನಿಜವಾದ ಅಂಕಿಗಳೂ ಕೆಡುವುದರಿಂದ ಒಂದೊಂದನ್ನೂ ನೋಡಿಯೇ ಬದಲಿಸುವುದು ಒಳ್ಳೆಯದು.

ಮೂರನೆಯದು ಕಾಗುಣಿತದ ಆಯ್ಕೆ. ‘ಹಳೇಬೀಡು’ ಮತ್ತು ‘ಹಳೆಬೀಡು’, ‘ರೋಬಸ್ಟಾ’ ಮತ್ತು ‘ರೊಬಸ್ಟಾ’, ‘12’ ಮತ್ತು ‘೧೨’ ಇವುಗಳಲ್ಲಿ ಯಾವುದನ್ನು ಬಳಸುತ್ತೀರೆಂದು ಮೊದಲೇ ತೀರ್ಮಾನಿಸಿರಿ. ಇದಕ್ಕಾಗಿಯೇ ವಿಕಿಯ ಮೊಟ್ಟಮೊದಲ ಪುಟಕ್ಕೆ ‘ಕಾಗುಣಿತ’ ಎಂದು ಹೆಸರಿಟ್ಟು, ಸಂದೇಹ ಬಂದ ಪದ ಎದುರಾದಾಗಲೆಲ್ಲ ನಿಮ್ಮ ಆಯ್ಕೆಯನ್ನು ಅಲ್ಲಿ ಒಂದು ಸಾಲಿನಲ್ಲಿ ಬರೆಯಿರಿ. ವ್ಯಾಕರಣದ ದೃಷ್ಟಿಯಿಂದ ಯಾವುದು ಶುದ್ಧವೆಂಬ ಚರ್ಚೆ ಇಲ್ಲಿ ಬೇಡ. ಒಂದೇ ರೂಪ ಎಲ್ಲ ಕಡೆ ಇರುವುದು ಮುಖ್ಯ.

## ಹಂತ 2: ತಂತ್ರಾಂಶವನ್ನು ಆರಿಸುವುದು

ಇದಕ್ಕೆ ಒಂದು ಸಂಜೆಗಿಂತ ಹೆಚ್ಚು ಸಮಯ ಕೊಡಬೇಡಿ. ಒಬ್ಬರೇ ಬರೆಯುವುದಾದರೆ ಪ್ರತಿ ಪುಟವನ್ನೂ ಬೇರೆ ಬೇರೆ ಸರಳ ಪಠ್ಯದ ಫೈಲಾಗಿ ಇಡುವ ತಂತ್ರಾಂಶವೇ ಉತ್ತಮ, ಏಕೆಂದರೆ ಮುಂದೊಂದು ದಿನ ಆ ತಂತ್ರಾಂಶವೇ ಇಲ್ಲವಾದರೂ ಫೈಲುಗಳನ್ನು ಯಾವುದೇ ಕಂಪ್ಯೂಟರಿನಲ್ಲಿ ತೆರೆದು ಓದಬಹುದು. ಅಬ್ಸಿಡಿಯನ್ ಮತ್ತು ಝಿಮ್ ಎರಡೂ ಹೀಗೆಯೇ ಕೆಲಸ ಮಾಡುತ್ತವೆ. ಅಬ್ಸಿಡಿಯನ್ ಮೊಬೈಲಿನಲ್ಲಿಯೂ ಸಿಗುತ್ತದೆ. ಝಿಮ್ ಕಂಪ್ಯೂಟರಿಗೆ ಮಾತ್ರ, ಆದರೆ ಮುಕ್ತ ತಂತ್ರಾಂಶ ಮತ್ತು ಹಳೆಯ ಯಂತ್ರಗಳಲ್ಲಿಯೂ ಹಗುರವಾಗಿ ಓಡುತ್ತದೆ.

ಟಿಡ್ಲಿವಿಕಿಯಲ್ಲಿ ಇಡೀ ವಿಕಿ ಬ್ರೌಸರಿನಲ್ಲಿ ತೆರೆಯುವ ಒಂದೇ ಫೈಲಿನಲ್ಲಿರುತ್ತದೆ. ಅದು ಚೊಕ್ಕವಾದ ವ್ಯವಸ್ಥೆಯಾದರೂ, ಉಳಿಸುವ ವಿಧಾನವನ್ನು ಮೊದಲೇ ಸರಿಯಾಗಿ ಹೊಂದಿಸದಿದ್ದರೆ ಪ್ರತಿ ಸಲ ಉಳಿಸಿದಾಗಲೂ ಬ್ರೌಸರು ಹೊಸ ಪ್ರತಿಯೊಂದನ್ನು ಡೌನ್‌ಲೋಡ್ ಫೋಲ್ಡರಿಗೆ ಹಾಕುತ್ತದೆ. ‘ತೋಟ’, ‘ತೋಟ (1)’, ‘ತೋಟ (2)’ ಎಂದು ಹತ್ತು ಫೈಲುಗಳು ಸೇರಿ, ಇತ್ತೀಚಿನದು ಯಾವುದೆಂದು ತಿಳಿಯದೆ ಹಳೆಯದರಲ್ಲಿ ಬರೆಯತೊಡಗಿದವರನ್ನು ನಾನು ಕಂಡಿದ್ದೇನೆ.

ಮನೆಯವರು ಮೂರು ನಾಲ್ಕು ಜನ ಒಂದೇ ವಿಕಿಯಲ್ಲಿ ಬರೆಯುವುದಾದರೆ ಡೋಕುವಿಕಿ ಸೂಕ್ತ. ಅದಕ್ಕೆ ಡೇಟಾಬೇಸ್ ಬೇಕಿಲ್ಲ, ಹಳೆಯ ಆವೃತ್ತಿಗಳನ್ನು ತಾನೇ ಉಳಿಸಿಕೊಳ್ಳುತ್ತದೆ, ಪೆನ್‌ಡ್ರೈವಿನಿಂದಲೇ ಓಡುವ ರೂಪವೂ ಇದೆ. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ಒಬ್ಬರ ಟಿಪ್ಪಣಿಗೆ ಹೊರಲಾರದ ಭಾರ.

## ಹಂತ 3: ಜಾಗ ಮತ್ತು ಬ್ಯಾಕಪ್ ಪ್ರತಿ

ಪುಟ ಬರೆಯುವ ಮೊದಲೇ ಪ್ರತಿ ತೆಗೆಯುವ ವ್ಯವಸ್ಥೆ ಆಗಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಂದು ಏಪ್ರಿಲ್ ಸಂಜೆಯ ಗುಡುಗು ಮಳೆಯಲ್ಲಿ ನಮ್ಮ ಮನೆಯ ಕಂಪ್ಯೂಟರು ಸಿಡಿಲಿಗೆ ಸುಟ್ಟುಹೋಯಿತು. ಪ್ರತಿಯೇನೋ ಇತ್ತು, ಆದರೆ ಅದು ಅದೇ ಕಂಪ್ಯೂಟರಿಗೆ ಸದಾ ಚುಚ್ಚಿಟ್ಟಿದ್ದ ಪೆನ್‌ಡ್ರೈವಿನಲ್ಲಿತ್ತು, ಮತ್ತು ಅದೂ ಹೋಯಿತು. ಎರಡು ವರ್ಷಗಳ ಮಳೆ ಲೆಕ್ಕ, ಗೊಬ್ಬರದ ಲೆಕ್ಕ, ತಂದೆಯವರು ಬಾಯಲ್ಲಿ ಹೇಳಿ ಬರೆಸಿದ್ದ ಗದ್ದೆ ಬದುಗಳ ವಿವರ ಎಲ್ಲವೂ ಅದರಲ್ಲಿದ್ದವು. ಮಳೆಯ ಲೆಕ್ಕವನ್ನು ನೆರೆಯವರ ಡೈರಿಯಿಂದ ತುಂಬಿಕೊಂಡೆ. ತಂದೆಯವರ ಮಾತು ಮತ್ತೆ ಸಿಗಲಿಲ್ಲ.

ಆದ್ದರಿಂದ ಹೀಗೆ ಮಾಡಿರಿ. ‘ವಿಕಿ’ ಎಂಬ ಒಂದೇ ಫೋಲ್ಡರನ್ನು ಕಂಪ್ಯೂಟರಿನಲ್ಲಿ ಮಾಡಿ, ಸಾಧ್ಯವಾದರೆ ಆಪರೇಟಿಂಗ್ ಸಿಸ್ಟಂ ಇಲ್ಲದ ಡ್ರೈವಿನಲ್ಲಿ ಇಡಿರಿ. ರಿಪೇರಿಗೆ ಕೊಟ್ಟಾಗ ಮೊದಲು ಅಳಿಸಿಹೋಗುವುದು ಡೆಸ್ಕ್‌ಟಾಪ್ ಮೇಲಿರುವ ಫೈಲುಗಳೇ. ವಾರಕ್ಕೊಮ್ಮೆ ಆ ಫೋಲ್ಡರನ್ನು ‘ವಿಕಿ 2025-06-07’ ಎಂಬಂತೆ ದಿನಾಂಕದ ಹೆಸರಿಟ್ಟು ಮೊದಲ ಪೆನ್‌ಡ್ರೈವಿಗೆ ನಕಲಿಸಿ, ಪೆನ್‌ಡ್ರೈವನ್ನು ಕಂಪ್ಯೂಟರಿನಿಂದ ಕಿತ್ತಿಡಿ. ತಿಂಗಳಿಗೊಮ್ಮೆ ಎರಡನೆಯದಕ್ಕೆ ನಕಲಿಸಿ, ಅದನ್ನು ಬೇರೊಂದು ಮನೆಯಲ್ಲಿ ಇಡಿ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ದಿನಾಂಕ ಬರೆದರೆ ಪಟ್ಟಿಯಲ್ಲಿ ಅವು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಮಲೆನಾಡಿನ ಮಳೆಗಾಲದ ತೇವಕ್ಕೆ ಪೆನ್‌ಡ್ರೈವಿನ ಲೋಹದ ತುದಿಯೂ ತುಕ್ಕು ಹಿಡಿಯಬಹುದು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುವುದು ಕ್ಷೇಮ.

ಮೊದಲ ಪ್ರತಿಯನ್ನು ತೆಗೆದ ದಿನವೇ ಅದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿರಿ. ವಿಶೇಷವಾಗಿ ಜಿಪ್ ಮಾಡಿ ಇಡುವವರು ಇದನ್ನು ಬಿಡಬಾರದು, ಏಕೆಂದರೆ ಕೆಲವು ಹಳೆಯ ಜಿಪ್ ತಂತ್ರಾಂಶಗಳು ಕನ್ನಡದ ಫೈಲು ಹೆಸರುಗಳನ್ನು ಕೆಡಿಸುತ್ತವೆ.

ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಫೋಲ್ಡರು ಒಂದೇ ರೀತಿ ಇರುವಂತೆ ತಾನಾಗಿ ಹೊಂದಿಸುವ (ಸಿಂಕ್ ಮಾಡುವ) ವ್ಯವಸ್ಥೆಗಳಿವೆ. ಮೊದಲ ಮೂರು ತಿಂಗಳು ಅವು ಬೇಡ. ನೆಟ್‌ವರ್ಕು ಇಲ್ಲದ ಹೊತ್ತಿನಲ್ಲಿ ಒಂದೇ ಪುಟವನ್ನು ಎರಡೂ ಕಡೆ ತಿದ್ದಿದರೆ ಒಂದು ಪುಟ ಎರಡಾಗುತ್ತದೆ, ಮತ್ತು ಯಾವುದು ಸರಿಯೆಂದು ಕೂತು ಹೋಲಿಸಬೇಕಾಗುತ್ತದೆ. ಬರೆಯುವುದು ಒಂದೇ ಕಡೆ ಇರಲಿ. ತೋಟದಲ್ಲಿ, ದಾರಿಯಲ್ಲಿ ಹೊಳೆದದ್ದು ಜೇಬಿನ ನೋಟುಪುಸ್ತಕಕ್ಕೆ ಹೋಗಲಿ.

ಪ್ರತಿ ತೆಗೆಯುವುದೂ ಹೊಂದಿಸುವುದೂ ಒಂದೇ ಎಂದು ತಿಳಿಯಬಾರದು. ಒಂದು ಕಡೆ ತಪ್ಪಿ ಅಳಿಸಿದ ಪುಟ, ಹೊಂದಿಸುವ ವ್ಯವಸ್ಥೆಯಿಂದಾಗಿ ಎರಡೂ ಕಡೆ ಅಳಿಸಿಹೋಗುತ್ತದೆ.

## ಹಂತ 4: ಮೊದಲ ಹತ್ತು ಪುಟಗಳು

ಈಗ ಬರೆಯಲು ಕೂರಿ. ಫೋಲ್ಡರುಗಳನ್ನು ಮಾಡಬೇಡಿ. ಕಳೆದ ಒಂದು ತಿಂಗಳಲ್ಲಿ ನೀವು ನಿಜವಾಗಿ ಹುಡುಕಿ ಪರದಾಡಿದ ಹತ್ತು ಸಂಗತಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ: ಪಂಪ್‌ಸೆಟ್ಟಿನ ಬೇರಿಂಗ್ ಅಳತೆ, ಪೋಡಿ ಅರ್ಜಿ ಕೊಟ್ಟ ದಿನ, ಅಮ್ಮನ ಮಾತ್ರೆಗಳ ಪಟ್ಟಿ, ಕಳೆದ ವರ್ಷ ಕಾಳುಮೆಣಸು ಕೊಯ್ದವರ ಲೆಕ್ಕ. ಈ ಹತ್ತೂ ಒಂದೊಂದು ಪುಟವಾಗಲಿ.

ಒಂದು ಪುಟದಲ್ಲಿ ಒಂದೇ ಸಂಗತಿ ಇರಬೇಕು. ‘ತೋಟ’ ಎಂಬ ಪುಟ ಮಾಡಿದರೆ ಅದು ಮೂರು ತಿಂಗಳಲ್ಲಿ ಹತ್ತು ಮಾರು ಉದ್ದ ಬೆಳೆದು, ಯಾರೂ ಓದದ ರಾಶಿಯಾಗುತ್ತದೆ. ‘ಕಾಂಡಕೊರಕ’ (ಕಾಫಿ ಗಿಡದ ಕಾಂಡ ಕೊರೆಯುವ ಕೀಟ), ‘ಹೂಮಳೆ’ (ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ), ‘ಬೋರ್ಡೋ ದ್ರಾವಣ’ (ರೋಗ ತಡೆಗೆ ಗಿಡಗಳಿಗೆ ಸಿಂಪಡಿಸುವ ಔಷಧಿ), ‘ಮೇಲಿನ ಕೆರೆ ಪಂಪ್‌ಸೆಟ್ಟು’ ಎಂದು ಬಿಡಿಸಿದರೆ ಪ್ರತಿಯೊಂದೂ ತನ್ನ ಹೆಸರಿನಿಂದಲೇ ಸಿಗುತ್ತದೆ. ಪುಟದ ಮೊದಲ ಸಾಲು ಉತ್ತರವನ್ನೇ ಹೇಳಲಿ. ‘ಬೋರ್ಡೋ ದ್ರಾವಣ’ದ ಪುಟ ತೆರೆದವನಿಗೆ ಮೊದಲು ಕಾಣಬೇಕಾದದ್ದು ‘ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ’ ಎಂಬ ಸಾಲು. ಡ್ರಮ್ಮಿನ ಪಕ್ಕ ಆಳು ಕಾಯುತ್ತ ನಿಂತಿರುವಾಗ ಮೂರು ಪ್ಯಾರಾ ಓದುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಇದರ ಜೊತೆಗೆ ‘ಬಾಗಿಲು’ ಎಂಬ ಒಂದು ಪುಟ ಮಾಡಿ, ಆ ಹತ್ತು ಪುಟಗಳ ಹೆಸರನ್ನೂ ಅಲ್ಲಿ ಕೊಂಡಿಯಾಗಿ ಬರೆಯಿರಿ. ವಿಕಿ ತೆರೆದ ಕೂಡಲೆ ಈ ಪುಟವೇ ಕಾಣುವಂತೆ ಹೊಂದಿಸಿಕೊಳ್ಳಿ.

## ಹಂತ 5: ಶೀರ್ಷಿಕೆ ಇಡುವ ನಿಯಮಗಳು

ನೀವು ಹುಡುಕುವಾಗ ಬಾಯಿಗೆ ಬರುವ ಪದವೇ ಶೀರ್ಷಿಕೆಯಾಗಬೇಕು. ಮನೆಯಲ್ಲಿ ‘ಹೂಮಳೆ’ ಎನ್ನುವವರು ಪುಟಕ್ಕೆ ‘ಪುಷ್ಪೋದ್ಭವ ಪೂರ್ವ ವೃಷ್ಟಿ’ ಎಂದು ಹೆಸರಿಟ್ಟರೆ ಆ ಪುಟ ಅವರಿಗೆ ಸಿಗುವುದೇ ಇಲ್ಲ.

ಶೀರ್ಷಿಕೆ ನಾಲ್ಕು ಪದ ಮೀರದಿರಲಿ. ಇದು ಅಂದಕ್ಕಾಗಿ ಹೇಳುವ ಮಾತಲ್ಲ. ‘ಕಾಂಡಕೊರಕ’ ಎಂಬುದು ನಮಗೆ ಐದು ಅಕ್ಷರ. ಕಂಪ್ಯೂಟರಿಗೆ ದೀರ್ಘ, ಅನುಸ್ವಾರ, ಒಕಾರದ ಚಿಹ್ನೆ ಎಲ್ಲವೂ ಪ್ರತ್ಯೇಕವಾಗಿ ಸೇರಿ 8 ಸಂಕೇತ, 24 ಬೈಟ್. ಆಂಡ್ರಾಯ್ಡ್ ಮತ್ತು ಲಿನಕ್ಸ್‌ಗಳಲ್ಲಿ ಫೈಲಿನ ಹೆಸರು ಸಾಮಾನ್ಯವಾಗಿ 255 ಬೈಟ್ ಮೀರುವಂತಿಲ್ಲ, ಅಂದರೆ ಸುಮಾರು 85 ಕನ್ನಡ ಸಂಕೇತಗಳು. ವಿಂಡೋಸ್‌ನಲ್ಲಿ ಸರಾಗವಾಗಿ ಉಳಿದ ಉದ್ದ ಹೆಸರಿನ ಪುಟ ಮೊಬೈಲಿಗೆ ನಕಲಾಗದೆ ಬಿಟ್ಟುಹೋಗುವುದು ಇದೇ ಕಾರಣಕ್ಕೆ. ಡೋಕುವಿಕಿಯ ಮೂಲ ಹೊಂದಾಣಿಕೆಯಲ್ಲಂತೂ ಪ್ರತಿ ಕನ್ನಡ ಸಂಕೇತವೂ ಶೇಕಡಾ ಚಿಹ್ನೆಯ ಸಂಕೇತಲಿಪಿಯಾಗಿ 9 ಅಕ್ಷರ ಹಿಡಿಯುವುದರಿಂದ, ಸುಮಾರು 26 ಸಂಕೇತಗಳಾಚೆಗೆ ತೊಂದರೆ ಶುರುವಾಗುತ್ತದೆ. ಡೋಕುವಿಕಿ ಬಳಸುವವರು ಫೈಲು ಹೆಸರಿನ ಸಂಕೇತ ವಿಧಾನವನ್ನು ಆರಂಭದಲ್ಲಿಯೇ ಯುಟಿಎಫ್-8ಕ್ಕೆ ಬದಲಿಸಿಕೊಳ್ಳಬೇಕು. ಪುಟಗಳು ಸೇರಿದ ಮೇಲೆ ಬದಲಿಸಿದರೆ ಹಳೆಯ ಪುಟಗಳು ಕಾಣೆಯಾದಂತೆ ತೋರುತ್ತವೆ.

ಜಮೀನಿನ ದಾಖಲೆಗಳನ್ನು ಬರೆಯುವವರಿಗೆ ಇನ್ನೊಂದು ಎಚ್ಚರಿಕೆ. ಸರ್ವೆ ನಂಬರಿನಲ್ಲಿ ಬರುವ ಓರೆ ಗೆರೆಯನ್ನು ಫೈಲಿನ ಹೆಸರಿನಲ್ಲಿ ಬಳಸಲಾಗದು. ‘ಸರ್ವೆ 123/2’ ಎಂದು ಬರೆದರೆ ಕೆಲವು ತಂತ್ರಾಂಶಗಳು ಒಪ್ಪುವುದಿಲ್ಲ, ಕೆಲವು ‘ಸರ್ವೆ 123’ ಎಂಬ ಫೋಲ್ಡರು ಮಾಡಿ ಅದರೊಳಗೆ ‘2’ ಎಂಬ ಪುಟವನ್ನು ಇಡುತ್ತವೆ. ಶೀರ್ಷಿಕೆಯಲ್ಲಿ ‘ಸರ್ವೆ 123-2’ ಎಂದು ಬರೆದು, ಪಹಣಿಯಲ್ಲಿರುವ ರೂಪವನ್ನು ಪುಟದ ಮೊದಲ ಸಾಲಿನಲ್ಲಿ ಕೊಡಿರಿ. ಪೂರ್ಣವಿರಾಮ ಚಿಹ್ನೆ, ಪ್ರಶ್ನೆ ಚಿಹ್ನೆ, ಎರಡು ಚುಕ್ಕಿ (:), ಚೌಕ ಆವರಣ ಇವೂ ಶೀರ್ಷಿಕೆಯಲ್ಲಿ ಬೇಡ.

## ಹಂತ 6: ಕೊಂಡಿ ಹಾಕುವುದು

ಪುಟದ ಹೆಸರನ್ನು ಎರಡೆರಡು ಚೌಕ ಆವರಣಗಳ ನಡುವೆ ಬರೆದರೆ ಕೊಂಡಿಯಾಗುತ್ತದೆ: [[ಹೂಮಳೆ]]. ಆ ಹೆಸರಿನ ಪುಟ ಇನ್ನೂ ಇಲ್ಲದಿದ್ದರೂ ಕೊಂಡಿಯನ್ನು ಬರೆಯಬಹುದು. ಒತ್ತಿದಾಗ ಹೊಸ ಪುಟ ಹುಟ್ಟುತ್ತದೆ.

ಕನ್ನಡದಲ್ಲಿ ಇದು ಅಷ್ಟಕ್ಕೇ ಮುಗಿಯುವುದಿಲ್ಲ, ಏಕೆಂದರೆ ನಮ್ಮ ಪದಗಳು ವಿಭಕ್ತಿ ಹತ್ತಿದ ಕೂಡಲೆ ರೂಪ ಬದಲಿಸುತ್ತವೆ. ‘ಹಾಸನದಲ್ಲಿ’ ಎಂದು ಬರೆಯಬೇಕಾದಾಗ [[ಹಾಸನ]]ದಲ್ಲಿ ಎಂದರೆ ಸಾಕು, ಪ್ರತ್ಯಯ ಹೊರಗೆ ನಿಲ್ಲುತ್ತದೆ. ‘ಬೇಲೂರಿನಲ್ಲಿ’ ಎನ್ನುವಾಗ ಹಾಗಾಗದು. ಕೊನೆಯ ಉಕಾರ ಇಕಾರವಾಗಿ ಬದಲಾಗಿ ಪದದೊಳಗೇ ಸೇರಿಬಿಡುತ್ತದೆ. ಅವಸರದಲ್ಲಿ [[ಬೇಲೂರಿನಲ್ಲಿ]] ಎಂದು ಬರೆದವರ ವಿಕಿಯಲ್ಲಿ ‘ಬೇಲೂರು’, ‘ಬೇಲೂರಿನ’, ‘ಬೇಲೂರಿಗೆ’, ‘ಬೇಲೂರಿನಲ್ಲಿ’ ಎಂಬ ನಾಲ್ಕು ಪುಟಗಳು ಹುಟ್ಟಿರುತ್ತವೆ. ಇದಕ್ಕೆ ಪರಿಹಾರ ನಡುಗೆರೆ: [[ಬೇಲೂರು|ಬೇಲೂರಿನಲ್ಲಿ]] ಎಂದು ಬರೆದರೆ ಮೊದಲನೆಯದು ಹೋಗಬೇಕಾದ ಪುಟ, ಎರಡನೆಯದು ಓದುಗನಿಗೆ ಕಾಣುವ ಪದ. ಅಬ್ಸಿಡಿಯನ್, ಝಿಮ್, ಡೋಕುವಿಕಿ ಮೂರರಲ್ಲೂ ಕ್ರಮ ಇದೇ. ಟಿಡ್ಲಿವಿಕಿಯಲ್ಲಿ ಮಾತ್ರ ತಿರುಗುಮುರುಗು: ಕಾಣುವ ಪದ ಮೊದಲು, ಪುಟದ ಹೆಸರು ನಂತರ. ಒಂದರಿಂದ ಇನ್ನೊಂದಕ್ಕೆ ಬಂದವರು ಇಲ್ಲಿ ತಪ್ಪದೇ ಎಡವುತ್ತಾರೆ.

ಹುಡುಕುವಾಗಲೂ ಇದೇ ಸಂಗತಿಯನ್ನು ನೆನಪಿಡಬೇಕು. ‘ಬೇಲೂರು’ ಎಂದು ಹುಡುಕಿದರೆ ‘ಬೇಲೂರಿನ’ ಎಂದಿರುವ ಸಾಲು ಸಿಗುವುದಿಲ್ಲ. ಕೊನೆಯ ಸ್ವರಚಿಹ್ನೆಯನ್ನು ಬಿಟ್ಟು ‘ಬೇಲೂರ’ ಎಂದು ಹುಡುಕಿದರೆ ಎರಡೂ ಸಿಗುತ್ತವೆ. ಡೋಕುವಿಕಿಯಲ್ಲಾದರೆ ಅದರ ಕೊನೆಗೆ ನಕ್ಷತ್ರ ಚಿಹ್ನೆಯನ್ನು ಸೇರಿಸಬೇಕು.

ಇನ್ನು ಎಲ್ಲಿ ಕೊಂಡಿ ಹಾಕಬೇಕು ಎಂಬ ಪ್ರಶ್ನೆ. ಸಿಕ್ಕ ಪದಕ್ಕೆಲ್ಲ ಹಾಕಿದರೆ ಯಾವುದೂ ಉಪಯೋಗಕ್ಕೆ ಬಾರದು. ‘ಈ ಪುಟ ಓದುವವನು ಮುಂದೆ ಅದನ್ನೂ ನೋಡಬೇಕಾಗುತ್ತದೆಯೇ?’ ಎಂದು ಕೇಳಿಕೊಂಡು, ಹೌದೆಂದರೆ ಮಾತ್ರ ಹಾಕಿರಿ. ಮತ್ತು ಏಕೆ ನೋಡಬೇಕೆಂಬುದನ್ನು ಅದೇ ವಾಕ್ಯದಲ್ಲಿ ಹೇಳಿರಿ. ‘ಇದನ್ನೂ ನೋಡಿ: ಕಾಂಡಕೊರಕ’ ಎಂಬುದು ಬಡ ಕೊಂಡಿ. ‘ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರಿನಲ್ಲಿ [[ಕಾಂಡಕೊರಕ]]ದ ದುಂಬಿ ಹಾರುವುದರಿಂದ, ಅದಕ್ಕೆ ಮೊದಲೇ ರೋಗದ ಗಿಡಗಳನ್ನು ಗುರುತಿಸಿ ಕಿತ್ತು ಸುಡಬೇಕು’ ಎಂಬುದು ಕೆಲಸಕ್ಕೆ ಬರುವ ಕೊಂಡಿ.

ಪುಟದ ಹೆಸರನ್ನು ಬದಲಿಸಬೇಕಾದರೆ ತಂತ್ರಾಂಶದ ಒಳಗಿನಿಂದಲೇ ಬದಲಿಸಿರಿ, ಆಗ ಅದಕ್ಕೆ ಬರುವ ಕೊಂಡಿಗಳನ್ನೂ ಅದೇ ತಿದ್ದಬಲ್ಲದು. ಫೈಲ್ ಎಕ್ಸ್‌ಪ್ಲೋರರಿನಲ್ಲಿ ಹೆಸರು ಬದಲಿಸಿದರೆ ಕೊಂಡಿಗಳೆಲ್ಲ ಕಳಚಿಹೋಗುತ್ತವೆ.

## ಹಂತ 7: ದಿನದ ಪುಟ, ನಿಲ್ಲುವ ಪುಟ

ಎರಡು ಬಗೆಯ ಪುಟಗಳನ್ನು ಬೇರ್ಪಡಿಸಿಡಿ. ‘2025-04-11’ ಎಂಬಂಥ ದಿನದ ಪುಟದಲ್ಲಿ ಆ ದಿನ ನಡೆದದ್ದನ್ನು ಹಾಗೆಯೇ ಬರೆಯುವುದು. ಅದನ್ನು ಮತ್ತೆ ತಿದ್ದುವುದಿಲ್ಲ. ‘ಹೂಮಳೆ’ಯಂಥ ನಿಲ್ಲುವ ಪುಟದಲ್ಲಿ ತಿಳಿದದ್ದನ್ನು ಕೂಡಿಸುತ್ತ, ತಿದ್ದುತ್ತ ಹೋಗುವುದು.

ದಿನದ ಪುಟದ ಸಾಲು ಹೀಗಿರಬಹುದು: ‘ಸಂಜೆ 4ರಿಂದ 5ರವರೆಗೆ ಮಳೆ, 92 ಸೆಂಟ್ಸ್ (100 ಸೆಂಟ್ಸ್ ಎಂದರೆ ಒಂದು ಇಂಚು). ಕೆಳಗಿನ ಪಟ್ಟೆ ಪೂರ್ತಿ ನೆನೆಯಿತು, ಮೇಲಿನ ಪಟ್ಟೆಯಲ್ಲಿ ಮಣ್ಣು ಎರಡು ಇಂಚು ಮಾತ್ರ. [[ಹೂಮಳೆ]].’ ಎಂಟು ಹತ್ತು ದಿನ ಕಳೆದು ಹೂವು ಬಿಟ್ಟಾಗ ಆ ದಿನದ ಪುಟದಲ್ಲಿಯೂ ಇದೇ ಕೊಂಡಿ ಹಾಕಿದರೆ, ‘ಹೂಮಳೆ’ ಪುಟಕ್ಕೆ ಎಲ್ಲೆಲ್ಲಿಂದ ಕೊಂಡಿ ಬಂದಿದೆಯೆಂಬ ಪಟ್ಟಿಯಲ್ಲಿ ಮಳೆ ಬಿದ್ದ ದಿನವೂ ಹೂವು ಬಿಟ್ಟ ದಿನವೂ ಒಂದರ ಕೆಳಗೊಂದು ನಿಲ್ಲುತ್ತವೆ. ನಾಲ್ಕು ವರ್ಷ ಬರೆದವರಿಗೆ ಸ್ಪ್ರಿಂಕ್ಲರ್ ಹಾಕಬೇಕೋ ಮಳೆಗೆ ಕಾಯಬೇಕೋ ಎಂಬ ಪ್ರಶ್ನೆ ಬಂದಾಗ ನೋಡಲು ತಮ್ಮದೇ ತೋಟದ ಲೆಕ್ಕವಿರುತ್ತದೆ. ಯಾರೂ ಕೂತು ವರ್ಗೀಕರಿಸದೆ ಇದು ತಾನಾಗಿ ಒದಗುತ್ತದೆ, ಮತ್ತು ನನ್ನ ಅನುಭವದಲ್ಲಿ ವಿಕಿಯ ಅತ್ಯಂತ ದೊಡ್ಡ ಲಾಭ ಇದೇ.

ಓದಿನ ಟಿಪ್ಪಣಿ ಬರೆಯುವವರು ಮೂರನೆಯ ಬಗೆಯೊಂದನ್ನು ಸೇರಿಸಿಕೊಳ್ಳಬೇಕು: ಆಕರದ ಪುಟ. ಹಾಸನ ಜಿಲ್ಲೆಯ ಶಾಸನಗಳನ್ನು ಓದುವವರಿಗೆ ಇದರ ಅಗತ್ಯ ಬೇಗ ತಿಳಿಯುತ್ತದೆ. ಕರ್ನಾಟಕದ ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಆವೃತ್ತಿಯಲ್ಲಿ ಒಂದು ಶಾಸನಕ್ಕಿರುವ ಸಂಖ್ಯೆ ಪರಿಷ್ಕೃತ ಆವೃತ್ತಿಯಲ್ಲಿ ಬೇರೆಯಾಗಿರುತ್ತದೆ, ಸಂಪುಟದ ಸಂಖ್ಯೆಯೂ ಬದಲಾಗಿರುತ್ತದೆ. ಬರೀ ‘ಬೇಲೂರು’ ಎಂದು ಬರೆದು ಪಕ್ಕದಲ್ಲೊಂದು ಅಂಕಿ ಹಾಕಿದ ಟಿಪ್ಪಣಿ ಎರಡು ವರ್ಷದ ನಂತರ ಯಾವ ಕಲ್ಲಿನದೆಂದು ಹೇಳಲಾಗದು. ಪ್ರತಿ ಆವೃತ್ತಿಗೂ ಒಂದು ಪುಟ ಮಾಡಿ, ಪ್ರತಿ ಟಿಪ್ಪಣಿಯಿಂದಲೂ ಅದಕ್ಕೆ ಕೊಂಡಿ ಹಾಕಿ, ಪುಟ ಸಂಖ್ಯೆಯನ್ನು ಪಕ್ಕದಲ್ಲಿಯೇ ಬರೆಯಿರಿ. ಪುಸ್ತಕದ ಮಾತು ಯಾವುದು, ನಿಮ್ಮ ಊಹೆ ಯಾವುದು ಎಂಬುದೂ ಬೇರೆಬೇರೆಯಾಗಿ ಕಾಣಬೇಕು. ಸ್ವಂತ ಮಾತಿಗೆ ‘ನನ್ನ ಊಹೆ’ ಎಂದು ಮೊದಲೇ ಗುರುತು ಹಾಕಿದರೆ ಸಾಕು.

## ಹಂತ 8: ಹಳೆಯ ಡೈರಿಗಳು

ಬೀರುವಿನಲ್ಲಿರುವ ಇಪ್ಪತ್ತು ಡೈರಿಗಳನ್ನು ಟೈಪು ಮಾಡಲು ಕೂರಬೇಡಿ. ಅನೇಕರ ಉತ್ಸಾಹ ಎರಡನೆಯ ಡೈರಿಯಲ್ಲಿಯೇ ಸತ್ತುಹೋಗಿದೆ. ಪ್ರತಿ ಡೈರಿಗೂ ಒಂದು ಪುಟ ಮಾಡಿ, ವರ್ಷ, ರಟ್ಟಿನ ಬಣ್ಣ, ಇಟ್ಟಿರುವ ಜಾಗ, ಒಳಗಿರುವ ಐದಾರು ಮುಖ್ಯ ವಿಷಯಗಳನ್ನು ಮಾತ್ರ ಬರೆಯಿರಿ. ಮುಂದೆ ಯಾವುದೋ ಕಾರಣಕ್ಕೆ ಆ ಡೈರಿಯನ್ನು ತೆರೆದಾಗ, ಅಂದು ಬೇಕಾದ ಭಾಗವನ್ನಷ್ಟೇ ವಿಕಿಗೆ ತನ್ನಿರಿ. ಬೂಷ್ಟು ಹಿಡಿಯುತ್ತಿರುವ ಡೈರಿಯ ಹಾಳೆಗಳನ್ನು ಮಾತ್ರ ತಡಮಾಡದೆ ಫೋಟೋ ತೆಗೆದಿಡಬೇಕು. ಫೋಟೋದಲ್ಲಿರುವ ಬರಹವನ್ನು ವಿಕಿ ಹುಡುಕಿಕೊಡುವುದಿಲ್ಲವಾದ್ದರಿಂದ, ಅದರ ಕೆಳಗೆ ಒಂದು ಸಾಲಿನ ಸಾರಾಂಶ ಇರಲೇಬೇಕು.

## ಹಂತ 9: ಗುಟ್ಟಿನ ವಿಷಯಗಳು

ಸ್ವಂತ ಫೋಲ್ಡರಿನಲ್ಲಿದೆ ಎಂದ ಮಾತ್ರಕ್ಕೆ ಬೀಗ ಹಾಕಿದಂತಾಗುವುದಿಲ್ಲ. ಕಂಪ್ಯೂಟರು ತೆರೆಯಬಲ್ಲವರು ಯಾರಾದರೂ ಅದನ್ನು ಓದಬಹುದು, ರಿಪೇರಿಯವರೂ ಸೇರಿ. ಬ್ಯಾಂಕಿನ ಪಾಸ್‌ವರ್ಡ್, ಆಧಾರ್ ಸಂಖ್ಯೆ, ಎಟಿಎಂ ಪಿನ್ ಇವು ವಿಕಿಯಲ್ಲಿ ಇರಲೇಬಾರದು. ಪಾಸ್‌ವರ್ಡುಗಳಿಗೆ ಕೀಪಾಸ್‌ನಂಥ ಪ್ರತ್ಯೇಕ ತಂತ್ರಾಂಶವಿದೆ. ಮನೆಯವರ ಆರೋಗ್ಯದ ವಿವರಗಳನ್ನು ಬರೆಯುವುದಾದರೆ ಇಡೀ ಫೋಲ್ಡರನ್ನು ವೆರಾಕ್ರಿಪ್ಟ್‌ನಂಥ ಬೀಗದೊಳಗೆ ಇಡಿ. ಆ ಬೀಗದ ಪಾಸ್‌ವರ್ಡ್ ಮರೆತರೆ ಯಾರಿಂದಲೂ ತೆರೆಸಲಾಗದು ಎಂಬುದು ನೆನಪಿರಲಿ.

ಡೋಕುವಿಕಿಯನ್ನು ಅಂತರ್ಜಾಲದಲ್ಲಿರುವ ಸರ್ವರಿನಲ್ಲಿ ಸ್ಥಾಪಿಸುವವರು, ಸ್ಥಾಪಿಸುವಾಗಲೇ ಕೇಳುವ ಮೂರು ಆಯ್ಕೆಗಳಲ್ಲಿ ಮುಚ್ಚಿದ ವಿಕಿ ಎಂಬುದನ್ನೇ ಆರಿಸಬೇಕು, ಮತ್ತು ಅದರ ಡೇಟಾ ಫೋಲ್ಡರು ಬ್ರೌಸರಿನಿಂದ ನೇರವಾಗಿ ತೆರೆಯುವುದಿಲ್ಲವೆಂದು ಪರೀಕ್ಷಿಸಬೇಕು. ಪರೀಕ್ಷೆಯನ್ನು ನಿಮ್ಮದಲ್ಲದ ಮೊಬೈಲಿನಿಂದ, ಲಾಗಿನ್ ಆಗದೆ ಮಾಡಿರಿ.

## ಹಂತ 10: ವಾರದ ಅರ್ಧ ಗಂಟೆ

ಸಂತೆಯ ದಿನವೋ ಭಾನುವಾರವೋ, ಒಂದು ವೇಳೆಯನ್ನು ಗೊತ್ತುಮಾಡಿಕೊಳ್ಳಿ. ಜೇಬಿನ ನೋಟುಪುಸ್ತಕದಲ್ಲಿರುವುದನ್ನು ವಿಕಿಗೆ ಏರಿಸಿ, ಏರಿಸಿದ್ದಕ್ಕೆ ಗೆರೆ ಎಳೆಯಿರಿ. ಯಾವ ಕಡೆಯಿಂದಲೂ ಕೊಂಡಿಯಿಲ್ಲದೆ ಒಂಟಿಯಾಗಿರುವ ಪುಟಗಳನ್ನು ಹುಡುಕಿ, ಕನಿಷ್ಠ ಒಂದು ಪುಟದಿಂದ ಕೊಂಡಿ ಹಾಕಿ. ಒಂದೇ ಸಂಗತಿಗೆ ಎರಡು ಪುಟಗಳಾಗಿದ್ದರೆ ಕೂಡಿಸಿ. ಕೊನೆಗೆ ಪೆನ್‌ಡ್ರೈವಿಗೆ ಪ್ರತಿ ತೆಗೆಯಿರಿ. ಇಷ್ಟಕ್ಕೆ ಅರ್ಧ ಗಂಟೆ ಸಾಲದೆ ಹೋದರೆ ನೀವು ಅಗತ್ಯಕ್ಕಿಂತ ಹೆಚ್ಚು ಬರೆಯುತ್ತಿದ್ದೀರಿ ಎಂದರ್ಥ.

ಫೋಲ್ಡರುಗಳ ಮಾತು ಈಗ. ಪುಟಗಳು 150 ದಾಟಿದ ಮೇಲೆ, ಅದೂ ‘ಬಾಗಿಲು’ ಪುಟ ಒಂದು ಪರದೆಯಲ್ಲಿ ಹಿಡಿಯದಿದ್ದರೆ, ದಿನದ ಪುಟಗಳನ್ನೂ ಫೋಟೋಗಳನ್ನೂ ಒಂದೊಂದು ಫೋಲ್ಡರಿಗೆ ಸರಿಸಿರಿ. ನನಗೆ ಆರು ವರ್ಷಗಳಲ್ಲಿ ಬೇಕಾಗಿರುವುದು ಮೂರೇ ಫೋಲ್ಡರು.

## ಎಚ್ಚರಿಕೆಯ ಸೂಚನೆಗಳು

ಬಣ್ಣ, ಫಾಂಟು, ಪ್ಲಗಿನ್‌ಗಳನ್ನು (ತಂತ್ರಾಂಶಕ್ಕೆ ಸೇರಿಸುವ ಹೆಚ್ಚುವರಿ ಸೌಲಭ್ಯಗಳನ್ನು) ಬದಲಿಸುವುದರಲ್ಲಿ ವಾರಕ್ಕೆ ಒಂದು ಗಂಟೆಗಿಂತ ಹೆಚ್ಚು ಹೋಗುತ್ತಿದ್ದರೆ, ಪ್ಲಗಿನ್‌ಗಳನ್ನೆಲ್ಲ ನಿಲ್ಲಿಸಿ ಒಂದು ತಿಂಗಳು ಬರೀ ಬರೆಯಿರಿ. ಅಂಟಿಸಿದ ಪಠ್ಯವೇ ಹೆಚ್ಚಾಗಿ, ನಿಮ್ಮ ವಾಕ್ಯಗಳು ಕಡಿಮೆಯಾಗುತ್ತಿದ್ದರೆ, ಅಂಟಿಸಿದ ಪ್ರತಿಯೊಂದರ ಮೇಲೂ ಅದು ಏಕೆ ಬೇಕಾಯಿತೆಂದು ಒಂದು ಸಾಲು ಬರೆಯದೆ ಮುಂದೆ ಹೋಗಬೇಡಿ. ಬರೆದಿದ್ದೇನೆಂದು ಗೊತ್ತಿದ್ದೂ ಹುಡುಕಿದಾಗ ಸಿಗದಿದ್ದರೆ, ಸಿಕ್ಕ ಮೇಲೆ ಆ ಪುಟದಲ್ಲಿ ನೀವು ಹುಡುಕಿದ ಪದವನ್ನು ಪರ್ಯಾಯ ಹೆಸರಾಗಿ ಸೇರಿಸಿರಿ. ಅದೇ ಪದ ಇನ್ನೊಮ್ಮೆಯೂ ಬಾಯಿಗೆ ಬರುತ್ತದೆ. ಎರಡು ವಾರ ವಿಕಿಯನ್ನು ತೆರೆಯದಿದ್ದರೆ ಬಿಟ್ಟುಹೋದ ದಿನಗಳನ್ನು ತುಂಬಲು ಹೋಗಬೇಡಿ, ಇಂದಿನ ದಿನಾಂಕದ ಪುಟದಿಂದ ಮುಂದುವರಿಯಿರಿ.

ಕೊನೆಯದಾಗಿ, ‘ಬಾಗಿಲು’ ಪುಟವನ್ನು ಒಮ್ಮೆ ಕಾಗದದ ಮೇಲೆ ಮುದ್ರಿಸಿ, ಅದರ ಕೆಳಗೆ ವಿಕಿಯ ಫೋಲ್ಡರು ಯಾವ ಡ್ರೈವಿನಲ್ಲಿದೆ, ಎರಡು ಪೆನ್‌ಡ್ರೈವುಗಳು ಎಲ್ಲಿವೆ, ಯಾವ ತಂತ್ರಾಂಶದಿಂದ ತೆರೆಯಬೇಕು ಎಂಬ ಮೂರು ಸಾಲುಗಳನ್ನು ಕೈಯಲ್ಲಿ ಬರೆದು, ಜಮೀನಿನ ಪತ್ರಗಳಿರುವ ಕಡತದಲ್ಲಿಯೇ ಇಡಿ. ಮನೆಯಲ್ಲಿ ಇನ್ನೊಬ್ಬರಿಗೆ ಅದನ್ನು ತೋರಿಸಿ, ಅವರ ಕೈಯಿಂದಲೇ ವಿಕಿಯನ್ನು ಒಮ್ಮೆ ತೆರೆಸಿ, ಪಂಪ್‌ಸೆಟ್ಟಿನ ಬೇರಿಂಗ್ ಅಳತೆಯನ್ನು ಹುಡುಕಲು ಹೇಳಿರಿ. ಅವರಿಗೆ ಸಿಗದಿದ್ದರೆ ಹಂತ 5ಕ್ಕೆ ಮರಳಿ ಆ ಪುಟದ ಹೆಸರನ್ನು ಸರಿಪಡಿಸಬೇಕು.